ನಾಲ್ಕು ನಿಮಿಷ ಹನ್ನೊಂದು ಸೆಕೆಂಡು

ಮಾರ್ಚ್ 3, ಬೆಳಿಗ್ಗೆ 6.30

ಚಾರ್ಜರಿನ ದೀಪ — ಉರಿಯುತ್ತಿದೆ. ಫ್ಯಾನಿನ ಸದ್ದು — ನಿನ್ನೆಯಷ್ಟೇ. ಪೆನ್‌ಡ್ರೈವ್ — ಬೆರಳಿಟ್ಟು ನೋಡಿದೆ, ಬಿಸಿ, ಸುಡುವಷ್ಟಲ್ಲ. ಮುಚ್ಚಳ — ತೆರೆದಿದೆ. ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿದೆ, ಪರದೆ ಬೆಳಗಿತು. ಸದ್ಯ.

ಮಗಳು ಹೋಗಿ ಇಂದಿಗೆ ಮೂವತ್ತೊಂಬತ್ತು ದಿನ. ಆವತ್ತಿನಿಂದ ಅವಳ ಕೋಣೆಯ ಲ್ಯಾಪ್‌ಟಾಪ್ ಆರಿಲ್ಲ. ಕೀಬೋರ್ಡಿನ ಅಂಚಿಗೆ ಅವಳೇ ಅಂಟಿಸಿದ ಹಳದಿ ಚೀಟಿ: "ಮುಚ್ಚಬೇಡಿ. ಆಫ್ ಮಾಡಬೇಡಿ. ಪ್ರಯೋಗ ನಡೀತಿದೆ!!" ಎರಡು ಉದ್ಗಾರ ಚಿಹ್ನೆ ಅನಗತ್ಯ, ಒಂದು ಸಾಕಿತ್ತು. ಆದರೂ ಪಾಲಿಸುತ್ತಿದ್ದೇನೆ. ವಾದ ಮಾಡದೆ ನಾನು ಪಾಲಿಸಿದ ಮೊದಲ ಆದೇಶ ಇದೇ ಇರಬೇಕು.

8.15

ಹಲ್ಲುಜ್ಜುತ್ತಿದ್ದೆ. ಕೋಣೆಯಲ್ಲಿ ಪೊರಕೆಯ ಸದ್ದು. ಆಮೇಲೆ ಪ್ಲಗ್ ಕಿತ್ತ ಸಣ್ಣ 'ಟಕ್'. ಬಾಯಿತುಂಬ ನೊರೆಯಿಟ್ಟುಕೊಂಡೇ ಓಡಿದೆ. ಹೆಂಡತಿ ಪ್ಲಗ್ ಕಿತ್ತು ವೈರನ್ನು ಅಚ್ಚುಕಟ್ಟಾಗಿ ಸುತ್ತುತ್ತಿದ್ದಳು.

"ಆಫ್ ಮಾಡ್ಲಿಲ್ಲ ರೀ, ಪ್ಲಗ್ ತೆಗ್ದೆ ಅಷ್ಟೇ. ಕಸ ಗುಡಿಸೋಕೆ ಅಡ್ಡ ಬರ್ತಿತ್ತು."

"ಎರಡೂ ಒಂದೇ!"

"ಯಾಕೆ, ಬ್ಯಾಟರಿ ಅಂತ ಒಂದಿರಲ್ವಾ ಅದಕ್ಕೆ?"

ಇದೆ. ನೂರು ಇದ್ದದ್ದು ಮೂವತ್ತೆಂಟಕ್ಕೆ ಇಳಿದಿತ್ತು. ಮೂರು ನಿಮಿಷದಲ್ಲಿ. ಪ್ಲಗ್ ಹಾಕುವಾಗ ಕೈ ಎರಡು ಸಲ ತಪ್ಪಿತು. ನನ್ನ ಅಂಗಿಯ ಮೇಲೆಲ್ಲ ನೊರೆ. ಅವಳು ನನ್ನನ್ನೇ ನೋಡುತ್ತಾ ನಿಂತಳು. "ಏನಿದೆ ಅದ್ರಲ್ಲಿ ಅಂತ ಒಂದ್ಸಲನಾದ್ರೂ ನೋಡಿದೀರಾ?" ಎಂದು ಕೇಳಿದಳು.

ನೋಡಿಲ್ಲ. ದಿನಾ ತಪಾಸಣೆ ಮಾಡಿದ್ದೇನೆ, ನೋಡಿಲ್ಲ. ಅಳತೆ ಮತ್ತು ತೂಕ ಇಲಾಖೆಯಲ್ಲಿ ಇಪ್ಪತ್ತಾರು ವರ್ಷದಿಂದ ಇನ್‌ಸ್ಪೆಕ್ಟರ್ ನಾನು. ತಕ್ಕಡಿಗೆ ಮುದ್ರೆ ಒತ್ತುತ್ತೇನೆ. ಅದರಲ್ಲಿ ಯಾರು ಏನು ತೂಗುತ್ತಾರೆ ಎಂಬುದು ನನ್ನ ವ್ಯಾಪ್ತಿಗೆ ಬರುವುದಿಲ್ಲ.

ಮಧ್ಯಾಹ್ನ 2.00

ರಜೆ ಹಾಕಿ ಕುಳಿತೆ. ಪರದೆಯ ಮೇಲೆ ಮೂರು ಕಿಟಕಿ ತೆರೆದಿವೆ. ಒಂದು, ಅಕ್ಷರಗಳ ಪುಟ. ಎರಡು, ಕಪ್ಪು ಹಿನ್ನೆಲೆಯಲ್ಲಿ ಹಸಿರು ಕಂಬಗಳು, ಏನೆಂದು ತಿಳಿಯಲಿಲ್ಲ. ಮೂರು, ಧ್ವನಿ ಮುದ್ರಿಸುವ ಕಿಟಕಿ. ಮೊದಲನೆಯದರಲ್ಲಿ ಅವಳ ಪಟ್ಟಿ. ಇದ್ದ ಹಾಗೆ ನಕಲು ಮಾಡುತ್ತೇನೆ:

"ಜನವರಿ 23. ಪೆನ್‌ಡ್ರೈವ್‌ನಿಂದ ಬೂಟ್ ಆಯ್ತು, ಮೂರನೇ ಪ್ರಯತ್ನಕ್ಕೆ.
ವೈಫೈ — ಇಲ್ಲ. ಡ್ರೈವರ್ ಬೇಕು. ಡ್ರೈವರ್ ಇಳಿಸ್ಕೊಳ್ಳೋಕೆ ವೈಫೈ ಬೇಕು. ಹ್ಹ ಹ್ಹ.
ಬ್ಲೂಟೂತ್ — ಅದೂ ಇಲ್ಲ, ಒಂದೇ ಚಿಪ್.
ಮುಚ್ಚಳ ಮುಚ್ಚಿದ್ರೆ ನಿದ್ದೆಗೆ ಹೋಗುತ್ತೆ, ಎದ್ದೇಳಲ್ಲ. ಮುಚ್ಚಬಾರದು.
ಸೌಂಡ್ — ಇಲ್ಲ. ಹಳೇ ಸಿಸ್ಟಮ್‌ನಲ್ಲಿ ನಿನ್ನೆ ಬರ್ತಿತ್ತು. ಹಾಗಾದ್ರೆ ತಪ್ಪು ಇದರದ್ದೇ. ಅಂಗಡಿ ಅಕ್ಕನ್ನ ಕೇಳ್ಬೇಕು.
ಮೈಕ್ — ಓಕೆ!
ಡಿಸ್ಕ್ ಮುಟ್ಟಿಲ್ಲ (ಅಪ್ಪನ ಆದೇಶ). ಎಲ್ಲ ಮೆಮೊರಿಯಲ್ಲೇ ಇದೆ. ಆಫ್ ಆದ್ರೆ ಎಲ್ಲ ಅಳಿಸಿಹೋಗುತ್ತೆ. ನೆನಪಿಡು, ವಕೀಲಮ್ಮ."

ವಕೀಲಮ್ಮ ಎನ್ನುವುದು ತಾಯಿ ಅವಳನ್ನು ಕರೆಯುತ್ತಿದ್ದ ಹೆಸರು. ಹತ್ತೊಂಬತ್ತು ವರ್ಷ ಕರೆದದ್ದು.

ಕೊನೆಯ ಸಾಲನ್ನು ನಾಲ್ಕು ಬಾರಿ ಓದಿದೆ. ಈ ಹೊಸ ವ್ಯವಸ್ಥೆ ಯಂತ್ರದೊಳಗೆ ಎಲ್ಲಿಯೂ ನೆಲೆಯೂರಿಲ್ಲ. ಪೆನ್‌ಡ್ರೈವ್ ಮೇಲೆ ನಿಂತಿದೆ. ಅವಳು ಬರೆದದ್ದೆಲ್ಲ ವಿದ್ಯುತ್ ಇರುವ ತನಕ ಮಾತ್ರ ಇರುತ್ತದೆ. ಬೆಳಿಗ್ಗೆ ಹೆಂಡತಿ ಇನ್ನೂ ಎರಡು ನಿಮಿಷ ವೈರ್ ಸುತ್ತಿದ್ದರೆ...

ಮೂರನೆಯ ಕಿಟಕಿಯಲ್ಲಿ ಮೂರು ಧ್ವನಿಮುದ್ರಣ. 'ಟೆಸ್ಟ್ 1', ನಾಲ್ಕು ಸೆಕೆಂಡು. 'ಟೆಸ್ಟ್ 2', ಏಳು ಸೆಕೆಂಡು. ಮೂರನೆಯದರ ಹೆಸರು 'ಅಪ್ಪನಿಗೆ ಉತ್ತರ'. ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.

ಒತ್ತಲಿಲ್ಲ. ಎದ್ದು ಬಂದೆ.

ಮಾರ್ಚ್ 4, ಬೆಳಿಗ್ಗೆ 7.00

ದೀಪ, ಫ್ಯಾನು, ಪೆನ್‌ಡ್ರೈವ್ — ಸರಿ. ಪ್ಲಗ್ಗಿನ ಮೇಲೆ ಅಂಟುಪಟ್ಟಿ ಸುತ್ತಿದ್ದೇನೆ. ಸ್ವಿಚ್ಚಿನ ಮೇಲೂ.

'ಉತ್ತರ' ಎಂದರೇನೆಂದು ನನಗೆ ಗೊತ್ತು. ಈ ಮನೆಯಲ್ಲಿ ಬೇಡಿಕೆಗೊಂದು ವಿಧಿಯಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತು ನಾನೇ ರೂಪಿಸಿದ್ದು. ಏನೇ ಬೇಕಿದ್ದರೂ ಊಟದ ಮೇಜಿನ ಎದುರು ನಿಂತು ಮಂಡಿಸಬೇಕು, ನಾಲ್ಕು ನಿಮಿಷ. ನಾನು ವಿರೋಧಿಸುತ್ತೇನೆ, ನಾಲ್ಕು ನಿಮಿಷ. ತಾಯಿ ಅಧ್ಯಕ್ಷೆ, ಸಮಯ ಮುಗಿದರೆ ಚಮಚದಿಂದ ಲೋಟ ಬಾರಿಸುತ್ತಾಳೆ. ಸೋತವರಿಗೆ ಮರುದಿನ ಉತ್ತರದ ಹಕ್ಕು, ಅದೂ ನಾಲ್ಕೇ ನಿಮಿಷ. ತೀರ್ಪು ನನ್ನದು. ವಿರೋಧಿಸುವವನೇ ತೀರ್ಪು ಕೊಡುವುದು ಯಾವ ನ್ಯಾಯ ಎಂದು ಅವಳು ಹತ್ತನೆಯ ವಯಸ್ಸಿನಲ್ಲೇ ಕೇಳಿದ್ದಳು. ಸಮಯ ಮುಗಿಯಿತು ಎಂದಿದ್ದೆ.

ಜನವರಿ 22ರ ವಿಷಯ: ನಾವಿಬ್ಬರೂ ಬಳಸುವ ನನ್ನ ಲ್ಯಾಪ್‌ಟಾಪಿನ ಹಳೆಯ ಸಿಸ್ಟಮ್ ತೆಗೆದು ಹೊಸದನ್ನು ಹಾಕಬೇಕು. ಈ ಹೊಸದಕ್ಕೆ ಒಡೆಯನಿಲ್ಲವಂತೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ನಾನು ಎದ್ದು ಕೇಳಿದೆ: "ಒಡೆಯನಿಲ್ಲದ ಮನೆಗೆ ಬೀಗ ಹಾಕುವವರು ಯಾರು?" ಒಳ್ಳೆಯ ಸಾಲು. ಅವಳು ಬಾಯಿ ತೆರೆಯುವಷ್ಟರಲ್ಲಿ ಮುಂದಿನದಕ್ಕೆ ಹೋಗಿದ್ದೆ: ಮುದ್ರೆ ಒತ್ತಿದ ತಕ್ಕಡಿಯನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದೇ? ತೀರ್ಪು: "ಪರೀಕ್ಷಿಸಬಹುದು. ನನ್ನ ಡಿಸ್ಕಿಗೆ ಒಂದಕ್ಷರವನ್ನೂ ಬರೆಯಕೂಡದು."

ಬರೆಯಲಿಲ್ಲ. ಮಾತಿಗೆ ತಪ್ಪದ ಹುಡುಗಿ. ಆದ್ದರಿಂದಲೇ ಅವಳ ಉತ್ತರ ಈಗ ಒಂದು ವೈರಿನ ತುದಿಗೆ ಜೋತುಬಿದ್ದಿದೆ.

11.00

ಒತ್ತಿದೆ. ನಿಂತೇ ಒತ್ತಿದೆ, ಕೂರಲು ಧೈರ್ಯ ಬರಲಿಲ್ಲ. ಪರದೆಯ ಮೇಲೆ ಗೆರೆಗಳು ಏರಿದವು, ಇಳಿದವು, ಓಡಿದವು. ಶಬ್ದವಿಲ್ಲ. ಸ್ಪೀಕರಿಗೆ ಕಿವಿ ಆನಿಸಿದೆ. ವಾಲ್ಯೂಮ್ ಪೂರ್ತಿ ಏರಿಸಿದೆ. ಇಲ್ಲ. ನನ್ನ ಮಗಳು ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ನನ್ನೆದುರು ಮಾತಾಡಿದಳು, ನನಗೆ ಒಂದು ಉಸಿರೂ ಕೇಳಲಿಲ್ಲ.

ಮೊದಲು ಅನಿಸಿದ್ದು ದುಃಖವಲ್ಲ. ಸದ್ಯ, ಪಾರಾದೆ ಎಂದು. ಸುಳ್ಳು ಬರೆಯಲಾರೆ.

ಅವಳು ಹೋಗುವ ಹಿಂದಿನ ಸಂಜೆ ನಡೆದದ್ದನ್ನು ಹೇಳಿದ್ದರೆ? ಹೇಳಿಯೇ ಇರುತ್ತಾಳೆ. ಹೇಳದೆ ಬಿಡುವವಳಲ್ಲ. ಸಮಯವನ್ನೂ ಮೀರಿದ್ದಾಳೆ, ಹನ್ನೊಂದು ಸೆಕೆಂಡು. ಎಂದೂ ಮೀರಿದವಳಲ್ಲ.

ಮಾರ್ಚ್ 6, ಸಂಜೆ

ಇನ್ನೊಂದು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳೋಣವೆಂದರೆ ಅದನ್ನು ಚುಚ್ಚುವ ತೂತು ಎರಡೇ. ಒಂದು, ವರ್ಷದ ಹಿಂದೆಯೇ ಮುರಿದಿದೆ. ಇನ್ನೊಂದರಲ್ಲಿ ಮಗಳ ಪೆನ್‌ಡ್ರೈವ್. ಅದನ್ನು ತೆಗೆದರೆ ಎಲ್ಲ ಕುಸಿಯುತ್ತದೆ. ನೆಟ್ ಇಲ್ಲ. ನಾಲ್ಕೂ ಕಡೆ ಗೋಡೆ.

ಮಧ್ಯಾಹ್ನ ಬಾಮೈದ ಬಂದಿದ್ದ. ಒಳ್ಳೆಯ ಮನಸ್ಸಿನವನು, ಸುಮ್ಮನಿರಲಾರದ ಕೈಯವನು. ನಾನು ನೀರು ತರಲು ಹೋಗಿದ್ದೆ. ಬರುವಷ್ಟರಲ್ಲಿ ಅವನು ಕೋಣೆಯೊಳಗೆ.

"ಭಾವ, ಇದನ್ನ ಇನ್ನೂ ಹಾಗೇ ಇಟ್ಟಿದೀರಲ್ಲ! ದಿನಾ ನೋಡ್ತಾ ಕೂತ್ರೆ ಮನಸ್ಸಿಗೆ ಸಮಾಧಾನ ಎಲ್ಲಿಂದ ಬರ್ಬೇಕು? ಮುಚ್ಚಿ ಒಳಗಿಡಿ..."

ಅವನ ಅಂಗೈ ಮುಚ್ಚಳದ ಮೇಲಿತ್ತು. ಅರ್ಧ ಇಳಿದಿತ್ತು ಮುಚ್ಚಳ. ನನ್ನ ಬಾಯಿಂದ ಬಂದದ್ದು ಮಾತಲ್ಲ. ಲೋಟ ಕೆಳಗೆ ಬಿತ್ತು. ಅವನು ಬೆಂಕಿ ಮುಟ್ಟಿದವನಂತೆ ಕೈ ತೆಗೆದ.

"ಏನಾಯ್ತು ಭಾವ? ಕರೆಂಟ್ ಹೊಡಿಯುತ್ತಾ?"

"ಹೌದು" ಎಂದೆ.

ಹೆಂಡತಿ ನೆಲ ಒರೆಸುತ್ತಾ ತಮ್ಮನಿಗೆ ಹೇಳಿದಳು: "ಹೊಡಿಯೋದು ಅವರಿಗೆ ಮಾತ್ರ. ನೀನು ಬಾ ಈಚೆ."

ಅವಳಿಗೆ ಮೂರರಂದೇ ಎಲ್ಲ ಹೇಳಿದ್ದೇನೆ. ಎಲ್ಲ ಎಂದರೆ — ಪಟ್ಟಿ, ಕಡತ, ಸಮಯ. ಅವಳು ಬಂದು ಆ ಹೆಸರಿನ ಮೇಲೆ ಬೆರಳಿಟ್ಟು ತುಂಬ ಹೊತ್ತು ನಿಂತಿದ್ದಳು. "ಅಂಗಡಿ ಅಕ್ಕನ್ನ ಕೇಳಿ ಅಂತ ಅವಳೇ ಬರೆದಿದಾಳಲ್ಲ, ಕೇಳ್ಬಾರ್ದಾ?" ಎಂದಳು. ನೋಡೋಣ ಎಂದೆ. ನೋಡೋಣ ಎಂದರೆ ನನ್ನ ಬಾಯಲ್ಲಿ ಬೇಡ ಎಂದು ಅರ್ಥ. ಅವಳಿಗೆ ಗೊತ್ತು.

ಆ ಅಂಗಡಿಗೆ ಹೋಗುವ ದಾರಿಯಲ್ಲೇ ಮಗಳಿಗೆ ಲಾರಿ ಬಡಿದದ್ದು.

ಮಾರ್ಚ್ 11, ಬೆಳಿಗ್ಗೆ 6.40

ದೀಪ — ಸರಿ. ಫ್ಯಾನು — ಸದ್ದು ಜೋರಾಗಿದೆ. ಪೆನ್‌ಡ್ರೈವ್ — ಬೆರಳಿಡಲಾಗಲಿಲ್ಲ.

ಎಡಗಡೆಯ ಕ್ಯಾಲೆಂಡರ್ ಚಿತ್ರ ಒತ್ತಿದೆ, ದಿನಾ ಒತ್ತುತ್ತಿದ್ದೆ, ತೆರೆಯುತ್ತಿತ್ತು. ಇಂದು ತೆರೆಯಲಿಲ್ಲ. ಕ್ಯಾಲ್ಕ್ಯುಲೇಟರ್ ಒತ್ತಿದೆ. ಅದೂ ಇಲ್ಲ. ಒಂದು ಕ್ಷಣ ಪರದೆಯ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಮೂಡಿ ಮಾಯವಾಯಿತು: ಓದಲಾಗುತ್ತಿಲ್ಲ ಎಂಬರ್ಥದ್ದು. ಮತ್ತೇನನ್ನೂ ಮುಟ್ಟಲಿಲ್ಲ. ಮೂರು ಕಿಟಕಿ ಹಾಗೇ ಇವೆ.

ಮಧ್ಯಾಹ್ನ 1.00

ಹೋದೆ. ಆ ತಿರುವನ್ನು ತಪ್ಪಿಸಿ ಎರಡು ಬೀದಿ ಸುತ್ತಿ ಹೋದೆ.

ಮೆಟ್ಟಿಲ ಕೆಳಗಿನ ಅಂಗಡಿ. ಬಾಗಿಲಷ್ಟೇ ಅಗಲ. ಗೋಡೆಯ ತುಂಬ ಬಿಚ್ಚಿದ ಕೀಬೋರ್ಡುಗಳು, ಡಬ್ಬಿಗಳಲ್ಲಿ ಸ್ಕ್ರೂಗಳು, ಡಬ್ಬಿಗೊಂದು ಚೀಟಿ. ಐವತ್ತರ ಹೆಂಗಸು, ಹಣೆಗೆ ಬಲ್ಬು ಕಟ್ಟಿಕೊಂಡು ಯಾವುದೋ ಬೋರ್ಡಿನೊಳಗೆ ಬಗ್ಗಿದ್ದಳು. ಮಗಳು 'ಸ್ಕ್ರೂಡ್ರೈವರ್ ಅಕ್ಕ' ಎನ್ನುತ್ತಿದ್ದದ್ದು ಇವಳನ್ನೇ. ವಿಷಯ ಹೇಳಿದೆ, ಕ್ರಮವಾಗಿ, ಅಂಶ ಅಂಶವಾಗಿ. ಅವಳು ತಲೆಯೆತ್ತಿದಳು. ಬಲ್ಬು ನನ್ನ ಕಣ್ಣಿಗೆ ಹೊಡೆಯಿತು.

"ಓ... ನೀವಾ ಡಿಬೇಟ್ ಅಪ್ಪ?"

ತಲೆಯಾಡಿಸಿದೆ.

"ಆ ಪೆನ್‌ಡ್ರೈವ್ ಮಾಡಿಕೊಟ್ಟಿದ್ದು ನಾನೇ ಸಾರ್. ನಮ್ಮಪ್ಪನ್ನ ಗೆಲ್ಲಬೇಕು ಅಕ್ಕ, ಒಂದು ಒಳ್ಳೇದು ಮಾಡಿಕೊಡಿ ಅಂದ್ಳು. ನಾನು ಬುದ್ಧಿಗೆಟ್ಟು ಒಂದು ಹಳೇ ಪೆನ್‌ಡ್ರೈವ್‌ಗೆ ಹಾಕ್ಕೊಟ್ಟೆ. ಒಂದು ಗಂಟೆ ಟ್ರಯಲ್ ನೋಡೋಕೆ ತಾನೇ ಅಂತ." ಬಲ್ಬು ಆರಿಸಿದಳು. "ನಲವತ್ತೇಳು ದಿನದಿಂದ ಓಡ್ತಿದೆಯಾ ಅದು?"

"ಹೌದು."

"ಸಾಯ್ತಾ ಇದೆ ಸಾರ್. ಕ್ಯಾಲೆಂಡರ್ ತೆರೀಲಿಲ್ಲ ಅಂದ್ರೆ ಪೆನ್‌ಡ್ರೈವ್ ಓದೋದು ನಿಲ್ಸಿದೆ. ತೆರೆದಿರೋ ಕಿಟಕಿಗಳು ಮಾತ್ರ ಇನ್ನೂ ಉಸಿರಾಡ್ತಿವೆ. ಹೊಸದಾಗಿ ಏನೂ ಒತ್ತಬೇಡಿ. ಏನೂ ಅಂದ್ರೆ ಏನೂ. ಇಲ್ಲಿಗೆ ತರೋಕಾಗಲ್ಲ, ಅಲ್ಲಾಡಿದ್ರೆ ಮುಗೀತು. ನಾಡಿದ್ದು ಬೆಳಿಗ್ಗೆ ನಾನೇ ಬರ್ತೀನಿ, ನಾಳೆ ನಮ್ಮಮ್ಮನ ಕಣ್ಣಿನ ಆಪರೇಷನ್."

ಹೊರಡುವಾಗ ಅವಳು ತಗ್ಗಿದ ದನಿಯಲ್ಲಿ ಕೇಳಿದಳು: "ಆವತ್ತು ಇಲ್ಲಿಗೇ ಬರ್ತಿದ್ಲಾ ಸಾರ್?"

"ಸೌಂಡ್ ಬರುತ್ತಿರಲಿಲ್ಲವಂತೆ. ನಿಮ್ಮನ್ನು ಕೇಳಲು."

ಅವಳು ಸ್ಕ್ರೂ ಡಬ್ಬಿಯೊಂದರ ಮುಚ್ಚಳವನ್ನು ತೆರೆದಳು, ಮುಚ್ಚಿದಳು, ತೆರೆದಳು.

ಮಾರ್ಚ್ 12

ಪರದೆಯ ಮುಂದೆಯೇ ಇದ್ದೇನೆ. ಏನನ್ನೂ ಒತ್ತಿಲ್ಲ. ಹೆಂಡತಿ ಊಟವನ್ನು ಇಲ್ಲಿಗೇ ತಂದಿಟ್ಟಳು. ಅರ್ಧ ಗಂಟೆಗೊಮ್ಮೆ ಟಚ್‌ಪ್ಯಾಡನ್ನು ಸವರುತ್ತೇನೆ, ಜ್ವರದ ಮಗುವಿನ ಹಣೆ ಮುಟ್ಟಿ ನೋಡುವಂತೆ.

ಎರಡು ಭಯ. ನಾಳೆಯವರೆಗೆ ಇದು ಉಳಿಯದಿದ್ದರೆ ಎಂಬುದೊಂದು. ಉಳಿದರೆ ಎಂಬುದಿನ್ನೊಂದು. ಯಾವುದು ದೊಡ್ಡದೆಂದು ತೂಗಿ ನೋಡಬಹುದು. ತೂಗುವುದು ನನ್ನ ಕಸುಬು. ತಕ್ಕಡಿ ನಿಲ್ಲುತ್ತಿಲ್ಲ.

ಜನವರಿ 22ರ ಸಂಜೆಯ ವಿಷಯ ಇಲ್ಲಿ ಬರೆಯಲೇ? ಬೇಡ.

ಮಾರ್ಚ್ 13, ಮಧ್ಯಾಹ್ನ 12.30

ಎರಡು ಸಲ ಬರೆದು ಹೊಡೆದುಹಾಕಿದೆ. ಆದರೂ ಕ್ರಮವಾಗಿ ಬರೆಯುತ್ತೇನೆ.

ಸ್ಕ್ರೂಡ್ರೈವರ್ ಅಕ್ಕ ಒಂಬತ್ತಕ್ಕೆ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಕೋಣೆಯ ಹೊಸ್ತಿಲಲ್ಲಿ ಸ್ವಲ್ಪ ನಿಂತು ಒಳಗೆ ಬಂದಳು. ಮೊದಲು ನೋಡಿದ್ದು ಡಿಸ್ಕನ್ನು. ಮಗಳು ತೆರೆದಿಟ್ಟ ಧ್ವನಿಯ ಕಿಟಕಿಯಿಂದಲೇ ಕಡತವನ್ನು ಅಲ್ಲಿಗೆ ಉಳಿಸಲು ನೋಡಿದಳು, ಇಡಲಾಗುವುದಿಲ್ಲವೆಂದು ಬಂತು.

"ಸಾರ್, ನೀವು ಲ್ಯಾಪ್‌ಟಾಪ್ ಸರಿಯಾಗಿ ಶಟ್‌ಡೌನ್ ಮಾಡೋದೇ ಇಲ್ಲ ಅಲ್ವಾ?"

"ಮುಚ್ಚಿಡುತ್ತೇನೆ. ಮರುದಿನ ಬಿಟ್ಟಲ್ಲಿಂದ ಮುಂದುವರಿಸಬಹುದಲ್ಲ."

"ಅದೇ. ನಿಮ್ಮ ಹಳೇ ಸಿಸ್ಟಮ್ ಅರ್ಧ ನಿದ್ದೇಲಿ ಮಲಗಿದೆ, ಒಳಗಿಂದ ಅಗಣಿ ಹಾಕ್ಕೊಂಡು. ನೋಡೋಕೆ ಬಿಡುತ್ತೆ, ಬರೆಯೋಕೆ ಬಿಡಲ್ಲ. ಅವಳು ನಿಮ್ಮ ಮಾತು ಮೀರಬೇಕು ಅಂದ್ಕೊಂಡಿದ್ರೂ ಆಗ್ತಿರಲಿಲ್ಲ."

"ಒಡೆದು ತೆಗೆಯಲಾಗದೇ?"

"ಆಗುತ್ತೆ. ಹೊಸದಾಗಿ ಕಮಾಂಡ್ ಓಡಿಸ್ಬೇಕು. ಪೆನ್‌ಡ್ರೈವ್ ಈ ಸ್ಥಿತೀಲಿ... ಕುಸಿದು ಬಿದ್ರೆ ನೀವು ನನ್ನ ಮುಖ ನೋಡಲ್ಲ, ನಾನೂ ಕನ್ನಡೀಲಿ ನೋಡ್ಕೊಳ್ಳಲ್ಲ. ಬೇಡ. ಸೌಂಡ್ ಯಾಕಿಲ್ಲ ನೋಡೋಣ. ಅದು ಬಂದ್ರೆ ಪಕ್ಕದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡ್ಕೊಂಡ್ರೆ ಆಯ್ತು."

ಕಪ್ಪು ಕಿಟಕಿಗೆ ಬಂದಳು. ಹಸಿರು ಕಂಬಗಳು. ಸ್ಪೀಕರಿನ ಕಂಬ ಮೇಲಕ್ಕೇ ಇದೆ, ಆದರೆ ಬುಡದಲ್ಲಿ ಸದ್ದಡಗಿಸಿದ ಗುರುತು. ಅವಳು ಹುಬ್ಬು ಗಂಟಿಕ್ಕಿದಳು.

"ವಿಚಿತ್ರ. ಇಯರ್‌ಫೋನ್ ಹಾಕಿದೆ ಅಂತ ತೋರಿಸ್ತಿದೆ. ಅದಕ್ಕೇ ಸ್ಪೀಕರ್ ಬಾಯಿ ಮುಚ್ಕೊಂಡಿದೆ. ಎಲ್ಲಿ ಹಾಕಿದೆ ಇಯರ್‌ಫೋನ್?"

ಎಲ್ಲಿಯೂ ಇಲ್ಲ. ಪಕ್ಕದ ದುಂಡು ತೂತು ಖಾಲಿ.

ಆಗಲೇ ನನಗೆ ಗೊತ್ತಾಯಿತು. ಅವಳು ಹಣೆಯ ಬಲ್ಬು ಹಚ್ಚಿ, ಕೆನ್ನೆಯನ್ನು ಮೇಜಿಗೆ ತಾಗಿಸಿ, ಆ ತೂತಿನೊಳಗೆ ನೋಡುವುದಕ್ಕೆ ಮೊದಲೇ.

"ಓಹೋ! ಇಲ್ಲಿದೆ ಕಳ್ಳ. ಒಳಗೆ ಪಿನ್ನಿನ ತುದಿ ಮುರಿದು ಕೂತಿದೆ ಸಾರ್, ಬಂಗಾರದ ಬಣ್ಣ ಮಿಂಚ್ತಿದೆ ನೋಡಿ. ಸಿಸ್ಟಮ್ ತಪ್ಪೇ ಅಲ್ಲ ಇದು. ಯಾರೋ ಅಡ್ಡಡ್ಡ ಎಳೆದಿದಾರೆ. ಪಾಪ, ಮಿಷನ್ನು ಅವಳು ಇನ್ನೂ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದಾಳೆ ಅಂದ್ಕೊಂಡು..."

ಮಾತು ಅಲ್ಲಿಗೇ ನಿಲ್ಲಿಸಿದಳು. ನನ್ನ ಮುಖ ನೋಡಿರಬೇಕು.

ಹೆಂಡತಿ ಎದ್ದು ಹೋದಳು. ತನ್ನ ಹೊಲಿಗೆ ಡಬ್ಬಿ ತಂದಳು. ಅದರ ತಳದಿಂದ ಬಿಳಿ ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ತುದಿಯಿಲ್ಲದ್ದು.

"ಆವತ್ತೇ ಮೂಲೇಲಿ ಸಿಕ್ಕಿತ್ತು" ಎಂದಳು. "ತುದಿ ಎಲ್ಲೋ ಬಿದ್ದಿದೆ, ಗುಡಿಸುವಾಗ ಸಿಗುತ್ತೆ ಅಂದ್ಕೊಂಡಿದ್ದೆ."

ನನ್ನನ್ನು ನೋಡಿ ಹೇಳಲಿಲ್ಲ. ನೋಡಿ ಹೇಳಬಹುದಿತ್ತು.

1.10

ಬರೆದುಬಿಡುತ್ತೇನೆ.

ಜನವರಿ 22, ಸಂಜೆ. ತೀರ್ಪಿನ ನಂತರ ಅವಳು ಇಲ್ಲೇ ಕುಳಿತು ಇಯರ್‌ಫೋನ್ ಹಾಕಿಕೊಂಡು ಏನನ್ನೋ ಕೇಳುತ್ತಿದ್ದಳು. ಊಟಕ್ಕೆ ಕರೆದೆ. ಮತ್ತೆ ಕರೆದೆ. ಮೂರನೆಯ ಸಲ ಕೋಣೆಗೆ ಬಂದು, ಬೆನ್ನ ಹಿಂದಿನಿಂದ ಆ ವೈರನ್ನು ಹಿಡಿದು ಎಳೆದೆ. 'ಟಕ್' ಎಂದಿತು. "ನಾನು ಮಾತಾಡುವಾಗ ಕಿವಿ ತೆರೆದಿರಬೇಕು" ಎಂದೆ. ವೈರನ್ನು ಮೂಲೆಗೆ ಎಸೆದೆ. ಅವಳು ಕಿವಿ ಸವರಿಕೊಂಡಳು. ಬಂದು ಊಟ ಮಾಡಿದಳು. ಎಂದಿನಂತೆ ಲ್ಯಾಪ್‌ಟಾಪನ್ನು ಮುಚ್ಚಿಟ್ಟವನು ನಾನೇ. ಬೆಳಿಗ್ಗೆ ಮಾತಾಡಿಸದೆ ಕಚೇರಿಗೆ ಹೋದೆ.

ಮರುದಿನ ಅವಳು ಹೊಸ ವ್ಯವಸ್ಥೆಯನ್ನು ಮೊದಲ ಬಾರಿಗೆ ತೆರೆದಳು. ಸೌಂಡ್ ಇಲ್ಲ. ನಿನ್ನೆ ಹಳೆಯದರಲ್ಲಿ ಇತ್ತು, ಇಂದು ಇದರಲ್ಲಿ ಇಲ್ಲ, ಆದ್ದರಿಂದ ತಪ್ಪು ಇದರದು. ತರ್ಕ ಸರಿಯಾಗಿಯೇ ಇದೆ. ನಾನೇ ಕಲಿಸಿದ ತರ್ಕ. ಒಂದು ಸಂಗತಿ ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಆ ಸೌಂಡಿಗಾಗಿ ಹನ್ನೊಂದು ನಲವತ್ತಕ್ಕೆ ಸೈಕಲ್ ಹತ್ತಿದಳು.

ಅಂದರೆ, ಸೌಂಡ್ ಇದ್ದಿದ್ದರೆ ಹೊರಗೆ ಹೋಗುತ್ತಿರಲಿಲ್ಲ. ಇದಕ್ಕೆ ಎದುರು ವಾದ ಹುಡುಕುತ್ತಿದ್ದೇನೆ. ನಾಲ್ಕು ಅಂತರ ಕಾಲೇಜು ಪದಕ ಗೆದ್ದವನು. ಒಂದೂ ಸಿಗುತ್ತಿಲ್ಲ.

4.00

ಬೆಳಿಗ್ಗೆ ನಡೆದದ್ದರಲ್ಲಿ ಉಳಿದದ್ದು. ಅಕ್ಕ ಪಿನ್ನನ್ನು ಕೀಳಲಿಲ್ಲ, ಯಂತ್ರ ಅಲುಗಬಾರದೆಂದು. ಕಪ್ಪು ಕಿಟಕಿಯ ಕಂಬಗಳ ಸಾಲಿನ ಕೊನೆಯಲ್ಲಿ ಒಂದು ಪುಟ್ಟ ಆಯ್ಕೆಯಿದೆ: ಇಯರ್‌ಫೋನ್ ಕಂಡರೆ ಸ್ಪೀಕರನ್ನು ತಾನಾಗಿ ಸುಮ್ಮನಾಗಿಸುವುದು. ಮಗಳು ಅದರ ಪಕ್ಕದ ಕಂಬದವರೆಗೂ ಹೋಗಿ ನಿಂತಿದ್ದಳು.

"ಇನ್ನೊಂದೇ ಸಲ ಬಲಕ್ಕೆ ಒತ್ತಿದ್ರೆ ಸಿಕ್ತಿತ್ತು" ಎಂದಳು ಅಕ್ಕ, ತನಗೆ ತಾನೇ. ಬಲಕ್ಕೆ ಒತ್ತಿದಳು. ಕೆಳಕ್ಕೆ ಒತ್ತಿದಳು. "ಆಯ್ತು ಸಾರ್. ಪ್ಲೇ ಮಾಡ್ಲಾ?"

"ಇವತ್ತು ಬೇಡ" ಎಂದೆ. "ನಾಳೆ..."

"ನಾಳೆ ಅನ್ನೋದು ಈ ಪೆನ್‌ಡ್ರೈವ್‌ಗೆ ಗೊತ್ತಿಲ್ಲ ಸಾರ್."

"ನನಗೆ ಸಿದ್ಧತೆ ಬೇಕು."

ಆಗ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು. ಒಂದು ಲೋಟ, ಒಂದು ಚಮಚ ತಂದು ಎದುರಿಗಿಟ್ಟುಕೊಂಡು ಕುಳಿತಳು. ಫೋನನ್ನು ಸ್ಪೀಕರಿನ ಪಕ್ಕ ಇಟ್ಟಳು.

"ಉತ್ತರದ ಹಕ್ಕು ಅವಳದು" ಎಂದಳು. "ಮುಂದೂಡೋ ಹಕ್ಕು ನಿಮಗಿಲ್ಲ. ಅಧ್ಯಕ್ಷೆ ನಾನು. ಒತ್ತಮ್ಮ."

ದನಿ ಬಂತು.

ಎಷ್ಟು ಹತ್ತಿರ! ಸ್ವಲ್ಪ ಶೀತವಾದ ದನಿ. ಆವತ್ತು ಅವಳಿಗೆ ಶೀತವಾಗಿತ್ತೇ? ನನಗೆ ಗೊತ್ತೇ ಇರಲಿಲ್ಲ.

"ಮಾನ್ಯ ಅಧ್ಯಕ್ಷರೇ, ಅಂದ್ರೆ ಅಮ್ಮ, ಮತ್ತು ಎದುರು ಪಕ್ಷದ ಏಕೈಕ ಸದಸ್ಯರೂ ತೀರ್ಪುಗಾರರೂ ಆದ ಅಪ್ಪ..."

ಬೀಗದ ವಾದಕ್ಕೆ ಉತ್ತರ ಕೊಟ್ಟಳು: ಒಡೆಯನಿಲ್ಲದ ಮನೆಯಲ್ಲ ಇದು, ಇಲ್ಲಿ ಇರುವವರೆಲ್ಲ ಒಡೆಯರು, ಬೀಗ ಹೇಗೆ ಮಾಡಿದ್ದು ಅಂತ ಎಲ್ಲರಿಗೂ ಗೊತ್ತಿರೋದರಿಂದಲೇ ಅದು ಗಟ್ಟಿ. ಉತ್ತಮ ಖಂಡನೆ. ನಾನು ಕೊಟ್ಟ ಉದಾಹರಣೆಯನ್ನೇ ತಿರುಗಿಸಿ ಹೊಡೆದಿದ್ದಳು. ತಕ್ಕಡಿಯ ಒಳಗನ್ನು ಯಾರೂ ನೋಡಬಾರದು ಅಂದ್ರೆ ಇನ್‌ಸ್ಪೆಕ್ಟರ್ ಯಾಕೆ ಬೇಕು ಅಪ್ಪ, ಎಂದಳು. ಅಕ್ಕ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು. ನಾನು ಕಾಯುತ್ತಿದ್ದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಆ ಸಂಜೆಯದನ್ನು. ಮೇಜಿನ ಅಂಚನ್ನು ಹಿಡಿದಿದ್ದೆ.

ಮೂರು ನಿಮಿಷ ನಲವತ್ತಕ್ಕೆ ಅವಳು ಹೇಳಿದಳು:

"ಕೊನೇದಾಗಿ. ಪ್ರಾಮಾಣಿಕವಾಗಿ ಒಂದು ವಿಷಯ ಒಪ್ಕೋಬೇಕು. ಸೌಂಡ್ ಬರ್ತಾ ಇಲ್ಲ. ಬೆಳಿಗ್ಗೆಯಿಂದ ಒದ್ದಾಡ್ತಿದೀನಿ. ಇದು ಈ ಸಿಸ್ಟಮ್‌ನ ದೋಷ, ಬೇರೆ ಕಾರಣ ಇಲ್ಲ. ಹಾಗಾಗಿ ಸೌಂಡ್ ವಿಷಯದಲ್ಲಿ ಒಂದು ಅಂಕ ಎದುರು ಪಕ್ಷಕ್ಕೆ ಬಿಟ್ಟುಕೊಡ್ತೀನಿ. ತಗೊಳ್ಳಿ ಅಪ್ಪ."

ನಾಲ್ಕು ನಿಮಿಷ ಆಯಿತು. ಹೆಂಡತಿಯ ಕೈ ತಾನಾಗಿಯೇ ಚಮಚದ ಕಡೆಗೆ ಹೋಯಿತು, ಎಷ್ಟೋ ವರ್ಷದ ಅಭ್ಯಾಸ. ಆ ಕೈಯನ್ನು ಹಿಡಿದುಕೊಂಡೆ.

"ಅಮ್ಮ, ಬಾರಿಸ್ಬೇಡ, ಟೈಮ್ ಆಯ್ತು ಅಂತ ಗೊತ್ತು. ಅಪ್ಪ, ಈ ಸಲ ಮಧ್ಯ ಬಾಯಿ ಹಾಕೋಕೆ ಆಗ್ಲಿಲ್ಲ ಅಲ್ವಾ? ಇದು ರೆಕಾರ್ಡಿಂಗು..." ಆಮೇಲೆ ನಗು. ಬರೀ ನಗು, ಮೂಗು ಸೀಟುವ ಸದ್ದು, ಕುರ್ಚಿ ಸರಿದ ಸದ್ದು. ಮುಗಿಯಿತು.

ಅಷ್ಟೇ. ಆ ಸಂಜೆಯ ಬಗ್ಗೆ ಒಂದಕ್ಷರವಿಲ್ಲ.

ಮಾರ್ಚ್ 17, ಬೆಳಿಗ್ಗೆ 6.30

ಮೂರು ದಿನ ಬರೆದಿಲ್ಲ. ದೀಪ — ಉರಿಯುತ್ತಿದೆ. ಫ್ಯಾನು — ಗೊರಗುಟ್ಟುತ್ತಿದೆ. ಪೆನ್‌ಡ್ರೈವ್ — ಮುಟ್ಟಲಿಲ್ಲ.

ಅವಳ ಉತ್ತರ ಈಗ ಹೆಂಡತಿಯ ಫೋನಿನಲ್ಲಿದೆ, ನನ್ನದರಲ್ಲಿದೆ, ಬಾಮೈದನದರಲ್ಲೂ ಇದೆ. ಭಯ ಹೋಗಬೇಕಿತ್ತು. ಹೋಗಿಲ್ಲ, ಜಾಗ ಬದಲಿಸಿದೆ. ಕಳೆದುಕೊಳ್ಳುವ ಭಯವಲ್ಲ ಇದು. ಅವಳು ನನಗೆ ಒಂದು ಅಂಕ ಬಿಟ್ಟುಕೊಟ್ಟು ಹೋಗಿದ್ದಾಳೆ. ನನ್ನದಲ್ಲದ ಅಂಕ. ಸುಳ್ಳು ತೂಕದ ಬಟ್ಟು ಸಿಕ್ಕರೆ ವಶಪಡಿಸಿಕೊಳ್ಳುವವನು ನಾನು. ಅದನ್ನೇ ಐವತ್ಮೂರು ದಿನದಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ.

ಅಕ್ಕ ಫೋನ್ ಮಾಡಿದ್ದಳು. "ಇನ್ನು ಆಫ್ ಮಾಡ್ಬಹುದು ಸಾರ್. ಪಿನ್ ಕೂಡ ತೆಗೆದುಕೊಡ್ತೀನಿ, ತನ್ನಿ."

10.20

ಹೆಂಡತಿಗೆ ಹೇಳಿದೆ. ಜನವರಿ 22ರಿಂದ ಮೊದಲಾಗಿ, ಬಾಯಿಬಿಟ್ಟು. ಅವಳು ಕೇಳಿಸಿಕೊಂಡಳು. "ನಂಗೆ ಗೊತ್ತಿಲ್ಲದ್ದು ಏನಾದ್ರೂ ಹೇಳಿ" ಎಂದಳು. ಆಮೇಲೆ: "ನನಗೆ ಹೇಳಿ ಏನು ಪ್ರಯೋಜನ? ಅಂಕ ಕೊಟ್ಟವಳು ನಾನಾ?"

ಸರಿಯಾದ ಆಕ್ಷೇಪ. ಎತ್ತಿಹಿಡಿಯುತ್ತೇನೆ.

ಧ್ವನಿ ಮುದ್ರಿಸುವ ಕಿಟಕಿ ಇನ್ನೂ ತೆರೆದಿದೆ. ಅವಳ ಮೂರು ಕಡತಗಳ ಮೇಲೆ ಕೆಂಪು ಗುಂಡಿ. ಅದನ್ನೊತ್ತಿ ನಾನು ಹೇಳುವುದು ಅವಳದರ ಪಕ್ಕದಲ್ಲೇ, ಅದೇ ಮೆಮೊರಿಯಲ್ಲಿ ಕೂರುತ್ತದೆ. ಆಮೇಲೆ ಸರಿಯಾಗಿ ಶಟ್‌ಡೌನ್ ಮಾಡುತ್ತೇನೆ, ಮುಚ್ಚಿಡುವುದಿಲ್ಲ. ಎರಡೂ ಒಟ್ಟಿಗೆ ಹೋಗುತ್ತವೆ. ನನ್ನದರ ನಕಲು ಬೇಡ. ಯಾರ ಫೋನಿಗೂ ಬೇಡ.

ಹೆಂಡತಿ ಎದುರಿಗೆ ಕುಳಿತಿದ್ದಾಳೆ. ಲೋಟವಿದೆ. ಚಮಚವನ್ನು ಅಡುಗೆಮನೆಯಲ್ಲೇ ಬಿಟ್ಟು ಬಂದಿದ್ದಾಳೆ. ವೇದಿಕೆ ಹತ್ತುವಾಗ ಎಂದೂ ಚೀಟಿ ಹಿಡಿದವನಲ್ಲ ನಾನು. ಬಾಯಿ ತಪ್ಪದಿರಲೆಂದು ಮೊದಲ ವಾಕ್ಯವನ್ನು ಇಲ್ಲಿ ಬರೆದುಕೊಂಡು ಗುಂಡಿ ಒತ್ತುತ್ತೇನೆ:

ಮಾನ್ಯ ಅಧ್ಯಕ್ಷರೇ, ಮತ್ತು ಮಗಳೇ, ಸೌಂಡ್ ವಿಷಯದಲ್ಲಿ ನನಗೆ ಬಿಟ್ಟುಕೊಟ್ಟ ಅಂಕವನ್ನು ನಾನು